ಅಕಾರ್ಡಿಯನ್-ಫಿಡಲ್ ಕ್ಲಬ್ಬಿಗೆ ಮೊದಲ ಸಲ ಹೊರಟವರಿಗೆ

ಸ್ಕಾಟ್ಲೆಂಡಿಗೆ ಬಂದ ಕನ್ನಡಿಗರಲ್ಲಿ ಪಿಟೀಲೋ ಹಾರ್ಮೋನಿಯಮ್ಮೋ ಬಲ್ಲವರಿದ್ದರೆ, ಊರಿನ ಅಕಾರ್ಡಿಯನ್-ಫಿಡಲ್ ಕ್ಲಬ್ ಎಲ್ಲಿ ಸೇರುತ್ತದೆಂದು ವಿಚಾರಿಸಿ. ಅಕಾರ್ಡಿಯನ್ ಎಂದರೆ ಎದೆಗೆ ತೂಗುಹಾಕಿ ನುಡಿಸುವ ತಿದಿಯ ಪೆಟ್ಟಿಗೆ, ಫಿಡಲ್ ಎಂದರೆ ಪಿಟೀಲು. ಹೋಟೆಲು, ಬೌಲಿಂಗ್ ಕ್ಲಬ್ ಅಥವಾ ಹಳ್ಳಿಯ ಹಾಲ್‌ನಲ್ಲಿ ತಿಂಗಳಿಗೊಂದು ಸಂಜೆ; ಬೇಸಿಗೆಯಲ್ಲಿ ಹೆಚ್ಚಿನವಕ್ಕೆ ರಜೆ. ಇದು ಕೇಲಿ, ಅಂದರೆ ಸ್ಕಾಟಿಷ್ ಕುಣಿತದ ಕೂಟ, ಅಲ್ಲ. ಕೆಲವೆಡೆ ಒಂದಿಷ್ಟು ಕುಣಿತ ಇರಬಹುದು, ಆದರೆ ಜನ ಬರುವುದು ಕೇಳುವುದಕ್ಕೆ. ನುಡಿಸಲು ಬಾರದವರಿಗೂ ಸ್ವಾಗತ. ಬಾಗಿಲಲ್ಲಿ ಕೊಡಲು ಚಿಲ್ಲರೆ ಪೌಂಡ್ ಇರಲಿ, ಕಾರ್ಡ್ ಯಂತ್ರವನ್ನು ನಂಬಬೇಡಿ.

ಮೊದಲು ಸ್ಥಳೀಯರು ಸರದಿಯಂತೆ ನುಡಿಸುತ್ತಾರೆ, ಆಮೇಲೆ ಅತಿಥಿ ಬ್ಯಾಂಡ್, ನಡುವೆ ಚಹಾ ಮತ್ತು ರಾಫೆಲ್ (ಚೀಟಿ ಎತ್ತಿ ಬಹುಮಾನ ಕೊಡುವ ಲಾಟರಿ). ಸರದಿ ಬೇಕಿದ್ದವರು ಬಂದ ಕೂಡಲೇ ಹೆಸರು ಬರೆಸಬೇಕು. ಮೊದಲ ತಿಂಗಳು ಬರೀ ಕೇಳುಗರಾಗಿ ಹೋಗುವುದೇ ಜಾಣತನ: ಯಾವ ವೇಗ, ಯಾವ ಕೀ (ಆಧಾರ ಸ್ವರ), ಯಾರು ಪಿಯಾನೋ ಸಾಥ್ ಕೊಡುತ್ತಾರೆ ಎಂಬುದೆಲ್ಲ ಗೊತ್ತಾಗುತ್ತದೆ.

ಕರ್ನಾಟಕ ಸಂಗೀತದ ಪಿಟೀಲಿನವರು ಎಡವುವುದು ಶ್ರುತಿಯಲ್ಲಿ. ಸ-ಪ-ಸ-ಪ ಇಲ್ಲಿ ನಡೆಯದು. ದಪ್ಪ ತಂತಿಯಿಂದ ಶುರುಮಾಡಿ ಪಾಶ್ಚಾತ್ಯ ಸ್ವರಗಳಾದ ಜಿ, ಡಿ, ಎ, ಇ. ಡಿ ಶ್ರುತಿಯಲ್ಲಿದ್ದ ವಾದ್ಯವಾದರೆ ಸಣ್ಣ ತಂತಿ ಎ-ಯಿಂದ ಇ-ಗೆ, ಸ-ದಿಂದ ಪ-ವರೆಗಿನಷ್ಟು ಮೇಲೇರಬೇಕು. ಹಾಲ್‌ನಲ್ಲಿ ಕೂತು ಒಂದೇ ಸಲ ಬಿರಡೆ ತಿರುಗಿಸಿದರೆ ತಂತಿ ಹರಿಯುತ್ತದೆ, ತಂತಿಗಳನ್ನು ಹೊತ್ತ ಕುದುರೆಯ (ಬ್ರಿಡ್ಜ್) ತಲೆ ಮುಂದಕ್ಕೆ ವಾಲುತ್ತದೆ. ಎರಡು ದಿನ ಮುಂಚೆ ಮನೆಯಲ್ಲೇ ಸ್ವಲ್ಪ ಸ್ವಲ್ಪ ಏರಿಸಿ, ಪ್ರತಿ ಸಲ ಕುದುರೆ ನೆಟ್ಟಗಿದೆಯೇ ನೋಡಿ. ಕೊನೆಯ ಹೊಂದಾಣಿಕೆಗೆ ಫೋನಿನ ಟ್ಯೂನರ್ ಬೇಡ, ಅಲ್ಲಿರುವ ಅಕಾರ್ಡಿಯನ್ನಿನ ಎ ಕೇಳಿಸಿಕೊಳ್ಳಿ. ಅದರ ರೀಡುಗಳು (ಸ್ವರ ಕೊಡುವ ಲೋಹದ ನಾಲಿಗೆಗಳು) ಎ-ಯ ವಾಡಿಕೆಯ ಮಟ್ಟವಾದ 440 ಹರ್ಟ್ಸ್‌ಗಿಂತ ತುಸು ಮೇಲಿರಬಹುದು. ಅದನ್ನು ಅಲ್ಲೇ ಬದಲಿಸಲಾಗದು, ಬಗ್ಗಬೇಕಾದ್ದು ಪಿಟೀಲೇ.

ರಾಗಗಳು ಪರಿಚಿತವೇ ಅನಿಸುತ್ತವೆ: ಹಲವು ಟ್ಯೂನ್‌ಗಳ ಸ್ವರಗಳು ಶಂಕರಾಭರಣದವು, ಬ್ಯಾಗ್‌ಪೈಪಿನಿಂದ ಬಂದವು ಹರಿಕಾಂಭೋಜಿಗೆ ಹತ್ತಿರ. ಆ ಧೈರ್ಯದಲ್ಲಿ ಗಮಕ ಹಾಕಿದರೆ ಕೆಟ್ಟಿತು. ಎಲ್ಲರೂ ಒಂದೇ ಮೆಟ್ಟು ನುಡಿಸುವಾಗ ಕಂಪಿತ ಸ್ವರ ಅಪಸ್ವರವಾಗಿಯೇ ಕೇಳುತ್ತದೆ, ರೀಲ್ ಎಂಬ ವೇಗದ ಕುಣಿತದ ಮೆಟ್ಟಿನ ತಾಳವೂ ಮಸುಕಾಗುತ್ತದೆ. ಸ್ಟ್ರಾತ್‌ಸ್ಪೇ ಎಂಬ, ರೀಲ್‌ಗಿಂತ ನಿಧಾನದ ಮೆಟ್ಟಿನಲ್ಲಿ ಮಾತ್ರ ಬೇರೆ ಕಸರತ್ತು: ಗಿಡ್ಡ ಸ್ವರ ಮೊದಲು, ಉದ್ದದ್ದು ಆಮೇಲೆ, ಕಮಾನಿನಿಂದ ಚಿಟಿಕೆ ಹೊಡೆದ ಹಾಗೆ.

ಒಂದು ಸೆಟ್ ಅಂದರೆ ಸಾಮಾನ್ಯವಾಗಿ ಮೂರು ಟ್ಯೂನ್. ಒಂದೊಂದೂ 32 ಬಾರ್, ಅಂದರೆ ತಾಳದ ಆವರ್ತ (ಎರಡು ಭಾಗ, ಪ್ರತಿಯೊಂದೂ ಎರಡು ಸಲ). ಅದನ್ನು ಇಡಿಯಾಗಿ ಎರಡು ಸುತ್ತು ನುಡಿಸಿ ನಿಲ್ಲದೆ ಮುಂದಿನದಕ್ಕೆ ಜಿಗಿಯಬೇಕು. ಪಿಯಾನೋದವರಿಗೆ ಮೊದಲೇ ಚೀಟಿ ಕೊಡಿ: "ಜಿಗ್, ಡಿ, ಎ, ಡಿ, ಎರಡೆರಡು ಸಲ" (ಜಿಗ್ ಒಂದು ಚುರುಕಾದ ಕುಣಿತದ ಮೆಟ್ಟು; ಅಕ್ಷರಗಳು ಮೂರು ಟ್ಯೂನ್‌ಗಳ ಕೀ). ಹೊಸಬರ ಸೆಟ್ ಮುರಿದುಬೀಳುವುದು ಬಹುತೇಕ ಎರಡನೇ ಟ್ಯೂನ್‌ಗೆ ದಾಟುವಾಗ, ಅದಕ್ಕೆ ಕಾರಣ ಶುರುವಿನ ಅವಸರ.

ಹಾರ್ಮೋನಿಯಂ ಬಲ್ಲವರಿಗೆ ಪಿಯಾನೋ ಅಕಾರ್ಡಿಯನ್ನಿನ ಬಲಗೈ ಬೇಗ ಒಲಿಯುತ್ತದೆ. ಎಡಗೈ ಹಾಗಲ್ಲ: ದೊಡ್ಡ ಪೆಟ್ಟಿಗೆಯಲ್ಲಿ 120 ಗುಂಡಿ, ಕಣ್ಣಿಗೆ ಕಾಣುವುದಿಲ್ಲ. ಗುಳಿಯಿರುವ ಗುಂಡಿ ಸಿ-ಬೇಸ್ (ಸಿ-ಯ ಮಂದ್ರ ಸ್ವರ), ಅದನ್ನು ಬೆರಳಿನಿಂದ ಹುಡುಕಿಕೊಂಡರೆ ಒಂದು ಮೇಲೆ ಜಿ, ಒಂದು ಕೆಳಗೆ ಎಫ್. ಸ್ವರ ಒತ್ತದೆ ತಿದಿ ಎಳೆಯಬಾರದು. ಮುಚ್ಚುವಾಗ ಗಾಳಿಗುಂಡಿ ಒತ್ತಿ. ಚಳಿಯ ಕಾರಿನಿಂದ ಒಳಗೆ ತಂದ ಪೆಟ್ಟಿಗೆಯನ್ನು ತಕ್ಷಣ ನುಡಿಸಿದರೆ ರೀಡಿನ ಮೇಲೆ ನೀರಾವಿ ಕೂರುತ್ತದೆ, ತುಕ್ಕು ಹಿಡಿಯುವುದೂ ಅದರಿಂದಲೇ. ಅರ್ಧ ಗಂಟೆ ಬಿಡಿ. ತಾಳವಾದ್ಯ ಮಾತ್ರ ಕೇಳದೆ ಒಯ್ಯಬೇಡಿ, ಬ್ಯಾಂಡಿಗೆ ಡ್ರಮ್ಮರ್ ಇರುತ್ತಾರೆ.

ರಾಫೆಲ್ ಮೇಜಿಗೆ ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಟ್ಟರೆ ಸಾಕು, ಮದ್ಯದ ಬಾಟಲಿ ಕಡ್ಡಾಯವಲ್ಲ. ಚಹಾದ ಜೊತೆ ಸಸ್ಯಾಹಾರಿಗಳು ಸಾಸೇಜ್ ರೋಲ್ ಬಿಟ್ಟು ಚೀಸ್ ಸ್ಯಾಂಡ್‌ವಿಚ್, ಶಾರ್ಟ್‌ಬ್ರೆಡ್ ಕಡೆ ಕೈಹಾಕಬಹುದು. ಕ್ಲೂಟಿ ಡಂಪ್ಲಿಂಗ್ (ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣಹಣ್ಣಿನ ಕಡುಬು) ಸಿಹಿಯೆಂದು ಮೋಸಹೋಗಬೇಡಿ: ಅದರಲ್ಲಿ ದನದ ಕೊಬ್ಬು ಹಾಕುವುದುಂಟು, ಮಾಡಿದವರನ್ನೇ ಕೇಳಿ ತಿನ್ನಿ.