ಕಂಬಳಿಯಲ್ಲಿ ಬೆಂದ ಅನ್ನ

"ಎಂತ ಮಾರಾಯ, ಕುಕ್ಕರಿಗೆ ಜ್ವರ ಬಂದಿದ್ಯಾ?"

ನಾನು ಮೊದಲ ಸಲ ಕುಕ್ಕರಿಗೆ ಕಂಬಳಿ ಹೊದೆಸಿದ ದಿನ ರೂಮ್‌ಮೇಟ್ ಕೇಳಿದ ಮಾತು ಇದು. ಈಗ ದಿನಾ ಬೆಳಿಗ್ಗೆ ಹೊದೆಸುವವನು ಅವನೇ. ನಾನು ಮರೆತರೆ ಬೈಯುವವನೂ ಅವನೇ. ಹಾಗಾಗಿ ಇದನ್ನು ಬರೆಯುವ ಹಕ್ಕು ನನಗೆ ಬಂದಿದೆ ಅಂದುಕೊಂಡಿದ್ದೇನೆ.

ನಾವು ಮೂವರು. ಶಿವಮೊಗ್ಗದ ವಿನೋಬನಗರದಲ್ಲಿ ಮಹಡಿ ಮೇಲೊಂದು ರೂಮು, ಕಿಟಕಿ ಪಕ್ಕ ಒಂದು ಕಟ್ಟೆ, ಆ ಕಟ್ಟೆಯೇ ಅಡುಗೆಮನೆ. ಒಬ್ಬ ಹರಿಹರದವ, ಒಬ್ಬ ಶಿಕಾರಿಪುರದವ, ನಾನು ಹೊಸನಗರದ ಕಡೆಯವ. ಕರೆಯುವುದೂ ಊರಿನ ಹೆಸರಿನಿಂದಲೇ. ಮೊದಲ ವರ್ಷ ಮೆಸ್ಸಿನಲ್ಲಿ ಉಂಡೆವು. ತಲೆಗೆ 3,300 ರೂಪಾಯಿ, ಭಾನುವಾರ ರಾತ್ರಿ ಊಟ ಇಲ್ಲ. ಸಾರಿನಲ್ಲಿ ಬೇಳೆ ಹುಡುಕುವುದು ತುಂಗಾ ಹೊಳೆಯಲ್ಲಿ ಉಂಗುರ ಹುಡುಕಿದ ಹಾಗೆ. ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಸಿಗುತ್ತದಲ್ಲ ಅಂತ ನೀವು ಕೇಳಬಹುದು. ಸಿಗುತ್ತದೆ, ಉಂಡಿದ್ದೇವೆ, ದೂರುವ ಹಾಗೇನೂ ಇರಲಿಲ್ಲ. ಆದರೆ ನಮ್ಮ ಕ್ಲಾಸು ಬಿಡುವ ಹೊತ್ತಿಗೂ ಅಲ್ಲಿಗೆ ಹೋಗಿ ಬರುವ ಹೊತ್ತಿಗೂ ಹೊಂದಾಣಿಕೆ ಆಗಲಿಲ್ಲ.

ಎರಡನೇ ವರ್ಷ ಅಡುಗೆ ಶುರು ಮಾಡಿದೆವು. ಮೊದಲ ಮೂರ್ಖತನ ಇಂಡಕ್ಷನ್ ಒಲೆ. 1,800 ಕೊಟ್ಟು ತಂದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ, ಇನ್ನೇನು ಗ್ಯಾಸಿನ ಗೊಡವೆಯೇ ಬೇಡ ಅನ್ನುವುದು ನನ್ನ ಲೆಕ್ಕ. 200 ಅನ್ನುವುದು ಮೇಲಿನ ಮಿತಿ, ನಮ್ಮ ಮೀಟರಿಗೆ ಸಿಗುವುದು ಹಿಂದಿನ ವರ್ಷದ ಸರಾಸರಿ ಮತ್ತು ಅದರ ಮೇಲೆ ಚೂರು ಅಂತ ಗೊತ್ತಾಗಿದ್ದು ಬಿಲ್ಲು ಕೈಗೆ ಬಂದಾಗ. ನಮಗಿಂತ ಮೊದಲು ಆ ರೂಮಿನಲ್ಲಿದ್ದವರು ಒಂದೇ ಬಲ್ಬಿನಲ್ಲಿ ಸಂಸಾರ ಮಾಡಿದ ಪುಣ್ಯಾತ್ಮರು ಇರಬೇಕು, ಸರಾಸರಿ ಮೂವತ್ತು ಯೂನಿಟ್ಟೂ ಇರಲಿಲ್ಲ. ಅದರಾಚೆ ಉರಿಸಿದ್ದಕ್ಕೆಲ್ಲ ದುಡ್ಡು. ಮೊದಲ ತಿಂಗಳೇ ಮುನ್ನೂರರ ಹತ್ತಿರ ಬಂತು. ಓನರ್ ಆಂಟಿ ಬಿಲ್ಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಏನ್ರಪ್ಪ, ರೂಮಲ್ಲಿ ಫ್ಯಾಕ್ಟ್ರಿ ಇಟ್ಟಿದ್ದೀರಾ?"

ಮೇಲೆ ಮಳೆಗಾಲ. ಜೂನ್ ಬಂದರೆ ಅಕ್ಕಿ ತೊಳೆದಿಟ್ಟ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಹಾಗಾಗಿ 5 ಕೆ.ಜಿ. ಸಿಲಿಂಡರೂ ಬಂತು. ಅದು ಹನ್ನೆರಡು-ಹದಿಮೂರು ದಿನಕ್ಕೆ ಖಾಲಿ, ತುಂಬಿಸಲು ಐನೂರರ ಆಚೀಚೆ. ಇದರ ಮೇಲೆ ಜಗಳ. ಬೆಳಿಗ್ಗೆ ಎಂಟೂವರೆಗೆ ಕುಕ್ಕರ್ ಇಟ್ಟು, ಮೂರು ಕೂಗು ಆಗುವ ತನಕ ಕಾಯುವವರು ಯಾರು? ಇಬ್ಬರು ಸ್ನಾನಕ್ಕೆ ಹೊಡೆದಾಡುತ್ತಿರುತ್ತಾರೆ, ಮೂರನೆಯವ ಫೋನಿನಲ್ಲಿ. ಒಂದು ಸಲ ಎಷ್ಟು ಕೂಗಿತು ಅಂತ ಯಾರೂ ಎಣಿಸದೆ, ನೀರು ಬತ್ತಿ, ಬೇಳೆ ತಳ ಹಿಡಿದು, ಕುಕ್ಕರಿನ ತಳ ಇವತ್ತಿಗೂ ಕಪ್ಪಗೇ ಇದೆ.

ಕಂಬಳಿಯ ಉಪಾಯ ಹೊಳೆದಿದ್ದು ಊರಿನಲ್ಲಿ. ನಮ್ಮನೆಯಲ್ಲಿ ಹುರುಳಿ ಬೇಯಿಸುವುದು ಬಚ್ಚಲ ಒಲೆಯಲ್ಲಿ. ಅಜ್ಜಿ ರಾತ್ರಿ ದೊಡ್ಡ ಪಾತ್ರೆಯಲ್ಲಿ ಹುರುಳಿ ಕುದಿಸಿ, ಉರಿ ಹಿಂದೆ ತೆಗೆದು, ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಾಳೆ. ಬೆಳಿಗ್ಗೆ ಕಾಳು ದನಕ್ಕೆ, ಕಟ್ಟು ನಮ್ಮ ಸಾರಿಗೆ. ರಾತ್ರಿಯಿಡೀ ಯಾರೂ ಸೌದೆ ನೂಕುವುದಿಲ್ಲ, ಆದರೂ ಬೆಂದಿರುತ್ತದೆ. ರೂಮಿನಲ್ಲಿ ಬೂದಿ ಇಲ್ಲ, ಕೆಂಡ ಇಲ್ಲ. ಆದರೆ ಮಳೆಗೆ ಕೊಪ್ಪೆ ಹಾಕಿಕೊಳ್ಳುತ್ತಿದ್ದ ಅಜ್ಜನ ಹಳೇ ಕಂಬಳಿ ಇತ್ತು. ಮೈ ಬಿಸಿ ಹಿಡಿದಿಡುವ ಕಂಬಳಿಗೆ ಕುಕ್ಕರಿನ ಬಿಸಿ ಹಿಡಿದಿಡುವುದು ದೊಡ್ಡದಾ?

ದೊಡ್ಡದೇ ಆಯಿತು. ಮೊದಲ ದಿನ ಅನ್ನ ಬೆಂದಿತ್ತು, ಬೇಳೆ ಕಲ್ಲು. ನಾವೆಲ್ಲ ಮಾಡುವ ಹಾಗೆ ತಳಕ್ಕೆ ನೀರು ಹಾಕಿ, ಮೇಲೆ ಎರಡು ಡಬ್ಬಿ ಇಟ್ಟಿದ್ದೆ. ಎರಡನೇ ದಿನ ಬೇಳೆ ನೆನೆಸಿ ಇಟ್ಟೆ, ಅರ್ಧ ಬೆಂದಿತು. ಒಂದು ವಾರ ಅರೆಬೆಂದ ತೊಗರಿಬೇಳೆ ತಿಂದ ಹರಿಹರದವ "ಮುದ್ದೆ ಮಾಡಿದ್ರೆ ಇಷ್ಟೊತ್ತಿಗೆ ಎರಡು ಸಲ ಉಣ್ತಿದ್ವಿ" ಅಂತ ಗೊಣಗಿದ. ಆಮೇಲೆ ತಿರುಗಿಸಿ ನೋಡಿದೆ. ಬೇಳೆ ನೇರವಾಗಿ ಕುಕ್ಕರಿನ ತಳದಲ್ಲಿ ಧಾರಾಳ ನೀರಿನೊಟ್ಟಿಗೆ, ಅದರೊಳಗೆ ಅಕ್ಕಿ ಡಬ್ಬಿ. ಬೇಳೆ ಒಂದು ಗಂಟೆಯಾದರೂ ನೆನೆದಿರಬೇಕು, ಚೂರು ಅರಿಶಿನ, ನಾಲ್ಕು ಹನಿ ಎಣ್ಣೆ. ಉರಿ ಜೋರಾಗಿಟ್ಟು, ಒಂದು ಕೂಗು ಪೂರ್ತಿ ಆಗಲಿ. ಎರಡನೆಯದು ಬರುತ್ತೇನೆ ಅಂತ ವೆಯ್ಟ್ ಅಲ್ಲಾಡಲು ಶುರುವಾದಾಗ ಆರಿಸಿ, ತಕ್ಷಣ ಕಂಬಳಿ. ಮಧ್ಯಾಹ್ನ ಒಂದೂವರೆಗೆ ಬಂದು ಬಿಚ್ಚಿದರೆ ಬೇಳೆ ಸಟುಗದಲ್ಲಿ ಒತ್ತಿದರೆ ಕರಗುವ ಹಾಗೆ, ಅನ್ನ ಬಾಯಿ ಸುಡುವಷ್ಟಲ್ಲದಿದ್ದರೂ ಉಣ್ಣುವಷ್ಟು ಬಿಸಿ.

ಅಕ್ಕಿಗೆ ನೀರು ಕಮ್ಮಿ ಬೇಕು. ನೀವು ಒಂದಕ್ಕೆ ಎರಡು ಹಾಕುವವರಾದರೆ ಒಂದೂಮುಕ್ಕಾಲಿಗೆ ಇಳಿಸಿ. ಕಂಬಳಿಯೊಳಗೆ ಆವಿ ಆಚೆ ಹೋಗುವುದಿಲ್ಲ, ಮೊದಲ ಹದಿನೈದು ದಿನ ನಾವು ತಿಂದಿದ್ದು ಅನ್ನವಲ್ಲ, ಅಂಟು. ಇನ್ನೊಂದು, ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಿರಬೇಕು. ಶಿಕಾರಿಪುರದವ ಒಬ್ಬನೇ ಇದ್ದ ದಿನ ಮುಷ್ಟಿ ಅಕ್ಕಿ ಹಾಕಿ ಹೊದೆಸಿದ, ಎರಡು ಗಂಟೆಯಲ್ಲಿ ತಣ್ಣಗಾಗಿತ್ತು. ಒಬ್ಬರಿಗೆ ಅಡುಗೆ ಅಂದರೆ ಈ ದಾರಿ ಬೇಡ, ಅವಲಕ್ಕಿ ಕಲೆಸಿಕೊಳ್ಳಿ.

ಗ್ಯಾಸ್ಕೆಟ್ ಸಡಿಲ ಇದ್ದರೆ ಎಲ್ಲವೂ ವ್ಯರ್ಥ. ನಮ್ಮದು ಸಡಿಲವಿತ್ತು. ಸೋರಿದ ಆವಿಗೆ ಕಂಬಳಿ ನೆನೆದು, ರೂಮೆಲ್ಲ ಮಳೆಯಲ್ಲಿ ನಿಂತ ಕುರಿಮಂದೆಯ ವಾಸನೆ. ಜುಲೈ ತಿಂಗಳಲ್ಲಿ ಕಂಬಳಿ ಒಣಗಿಸುವುದು ಹೇಗೆ ಅಂತ ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಐದು ದಿನ ಫ್ಯಾನಿನ ಕೆಳಗೆ ಹರವಿ ಅದರ ಪಕ್ಕದಲ್ಲೇ ಮಲಗಿದೆವು. ಹೊಸ ಗ್ಯಾಸ್ಕೆಟ್ಟಿಗೆ 90 ರೂಪಾಯಿ. ಮೊದಲೇ ಕೊಡಬಹುದಿತ್ತು.

ಆ ಐದು ದಿನದಲ್ಲಿ ಕಂಬಳಿಗೆ ಬದಲಿ ಹುಡುಕಲು ಹೋಗಿ ಇನ್ನಷ್ಟು ಕೆಡಿಸಿದೆ. ಅಕ್ಕಿ ಮಿಲ್ಲಿನಿಂದ ಒಂದು ಚೀಲ ಭತ್ತದ ಹೊಟ್ಟು ತಂದು, ಅದರ ನಡುವೆ ಕುಕ್ಕರ್ ಹೂತಿಟ್ಟೆ. ನಿಜ ಹೇಳಬೇಕೆಂದರೆ ಬಿಸಿ ಕಂಬಳಿಗಿಂತ ಚೆನ್ನಾಗಿಯೇ ನಿಂತಿತು. ಆದರೆ ಹೊಟ್ಟಿನ ಧೂಳು ಹಾಸಿಗೆ, ಪುಸ್ತಕ, ಮೂಗು, ಸಾರು ಎಲ್ಲದರಲ್ಲೂ. ಆಂಟಿ ಮತ್ತೆ ಮೆಟ್ಟಿಲು ಹತ್ತಿ ಬಂದರು. ಆಮೇಲೆ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ. ಮಾರ್ಕೆಟ್ಟಿನಲ್ಲಿ 30 ರೂಪಾಯಿಗೆ ಸಿಕ್ಕಿತು, ಮೂರು ಸಲ ಸೋಪು ಹಾಕಿ ತೊಳೆದೆ. ಆರಿಸಿದ ತಕ್ಷಣ ಕುಕ್ಕರ್ ಒಳಗಿಟ್ಟರೆ ತಳ ಕರಗಿ, ಕುಕ್ಕರಿನ ಅಳತೆಗೆ ದುಂಡಗೆ ತೂತು! ಮೇಲಿಂದ ಅನ್ನಕ್ಕೆ ಬಂಗುಡೆ ವಾಸನೆ. ಶಿಕಾರಿಪುರದವ ಮೊಟ್ಟೆಯನ್ನೂ ಮುಟ್ಟದ ಮನೆಯವ. ಆ ದಿನ ಅವನು ಹೋಟೆಲಿನಲ್ಲಿ ಉಂಡ, ದುಡ್ಡು ನಾನು ಕೊಟ್ಟೆ.

ಈಗಿರುವ ವ್ಯವಸ್ಥೆ ಸರಳ. ಕಿರಾಣಿ ಅಂಗಡಿಯ ದಪ್ಪ ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಮಡಿಕೆ ಕಂಬಳಿ, ಮೇಲೆ ಒಂದು ಹಳೇ ದಿಂಬು. ಕುಕ್ಕರಿನ ತಳಕ್ಕೆ ಏನು ಇಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಕೆಡಿಸಿಕೊಳ್ಳಿ. ಉರಿ ಪೂರ್ತಿ ಆರಿಸಿದ ಮೇಲೆ, ಒಲೆಯಿಂದ ದೂರ ತಂದೇ ಹೊದೆಸಿ ಅನ್ನುವುದನ್ನಂತೂ ಹೇಳಲೇಬೇಕು. ನಮ್ಮ ಕಂಬಳಿಯ ಒಂದು ಮೂಲೆ ಸುಟ್ಟಿದೆ, ಅಜ್ಜನಿಗೆ ಇನ್ನೂ ಗೊತ್ತಿಲ್ಲ.

ಹೊತ್ತು ಮೀರಬಾರದು. ಏಪ್ರಿಲ್‌ನಲ್ಲಿ ಒಂದು ದಿನ ಮೂವರೂ ಸಿಗಂದೂರಿಗೆ ಹೋಗಿ ರಾತ್ರಿ ಬಂದು ಬಿಚ್ಚಿದರೆ ಬೇಳೆ ನೊರೆ ಕಟ್ಟಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಷ್ಟೂ ಚೆಲ್ಲಿದೆವು. ಅಲ್ಲಿಂದ ಐದು ಗಂಟೆ ದಾಟಿಸಿಲ್ಲ, ಮುಟ್ಟಿದರೆ ಕೈಗೆ ಚುರುಕ್ ಅನ್ನದಿದ್ದರೆ ಉಣ್ಣುವುದೂ ಇಲ್ಲ. ಕಾಳುಗಳಲ್ಲಿ ಹುರುಳಿ ರಾತ್ರಿ ನೆನೆಸಿ ಎರಡು ಕೂಗಿಗೆ ಹೊದೆಸಿದರೆ ಬೆಣ್ಣೆ. ಹೆಸರುಕಾಳಿಗೆ ಒಂದು ಕೂಗೂ ಹೆಚ್ಚು. ರಾಜ್ಮಾ ಮಾತ್ರ ಇದರಲ್ಲಿ ಮಾಡಬೇಡಿ. ಅದು ಒಲೆ ಮೇಲೆ ಚೆನ್ನಾಗಿ ಕುದಿಯಲೇಬೇಕು, ಅರೆಬೆಂದರೆ ಹೊಟ್ಟೆ ಕೆಡಿಸುತ್ತದೆ.

ಅನ್ನ, ಬೇಳೆ ಆಯಿತು. ಮುಂದಿನದು ಐದು ನಿಮಿಷದ ಕೆಲಸ. ಬೇಳೆಗೆ ಹುಳಿ, ಉಪ್ಪು, ಬೆಲ್ಲ, ಅಮ್ಮನ ಸಾರಿನ ಪುಡಿ ಹಾಕಿ ಒಂದು ಕುದಿ, ಮೇಲೆ ಒಗ್ಗರಣೆ. ಪುಡಿಯ ಅಳತೆ ಕೇಳಬೇಡಿ, ಅಮ್ಮ ನನಗೇ ಹೇಳಿಲ್ಲ. ತಿಂಗಳಿಗೊಮ್ಮೆ ಊರಿನ ಬಸ್ಸಿನಲ್ಲಿ ಡಬ್ಬಿ ಬರುತ್ತದೆ, ಕಂಡಕ್ಟರ್ ಅಣ್ಣನಿಗೆ 20 ರೂಪಾಯಿ. ಬೇಳೆ ಮುಗಿದ ದಿನ ಅಪ್ಪೆಹುಳಿ. ಭರಣಿಯಲ್ಲಿ ಉಪ್ಪು ಹಾಕಿಟ್ಟ ಮಾವಿನ ಮಿಡಿ ಒಂದನ್ನು ಜಜ್ಜಿ, ನಾಲ್ಕು ಲೋಟ ನೀರಿಗೆ ಕಿವುಚಿ, ಹಸಿಮೆಣಸು, ಬೆಲ್ಲ, ಇಂಗಿನ ಒಗ್ಗರಣೆ. ಒಂದೇ ಮಿಡಿಯಲ್ಲಿ ಮೂವರ ಊಟ, ಕುಡಿಯುವುದಕ್ಕೂ ಉಳಿಯುತ್ತದೆ. ಹರಿಹರದವ ಮೊದಲ ಸಲ ನೋಡಿ "ಇದು ಸಾರಾ, ಕೈ ತೊಳೆಯೋ ನೀರಾ?" ಅಂದಿದ್ದ. ಈಗ ಲೋಟ ಹಿಡಿದುಕೊಂಡೇ ಕೂರುತ್ತಾನೆ.

ಸೆಕೆಗಾಲದಲ್ಲಿ ತಂಬುಳಿ. ಆಂಟಿಯ ತುಳಸಿಕಟ್ಟೆ ಪಕ್ಕ ದೊಡ್ಡಪತ್ರೆ ಪೊದೆಯೇ ಇದೆ. ಹತ್ತು-ಹನ್ನೆರಡು ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸುವುದು. ನಮ್ಮಲ್ಲಿ ಮಿಕ್ಸಿ ಇಲ್ಲ, ಕುಟ್ಟುವ ಕಲ್ಲಿನಲ್ಲಿ ಜಜ್ಜಿದರೆ ತರಿತರಿಯಾಗುತ್ತದೆ. ನನಗೆ ಹಾಗೇ ಇಷ್ಟ. ಅರ್ಧ ಲೀಟರ್ ಮೊಸರು ಇಪ್ಪತ್ತೈದರ ಸುಮಾರು, ಅದೇ ಖರ್ಚು.

ಕಂಬಳಿಯಲ್ಲಿ ಬೇರೆ ಏನೇನೋ ನೋಡಿದೆ. ಕಡುಬು ಆಗಲಿಲ್ಲ, ಹಬೆ ನಿಂತ ಕೂಡಲೇ ಒಳಗೆ ಹಿಟ್ಟು ಹಾಗೇ ಉಳಿಯಿತು. ನೀರು ಕುದಿಸಿ ಮೊಟ್ಟೆ ಬಿಟ್ಟು ಹೊದೆಸಿದರೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಬೇಯುತ್ತದೆ, ಇದಕ್ಕೆ ಬೇರೆ ಪಾತ್ರೆ ಇಟ್ಟಿದ್ದೇವೆ, ಶಿಕಾರಿಪುರದವನ ಶರತ್ತು. ಹಲಸಿನ ಬೀಜ ಮೂರು ಕೂಗು ಬೇಡುತ್ತದೆ, ಆದರೆ ಬಿಟ್ಟಿ ಸಿಗುತ್ತದೆ. ಡಿಸೆಂಬರ್ ಚಳಿಯಲ್ಲಿ ಹೆಪ್ಪುಗಟ್ಟದೆ ಸತಾಯಿಸುತ್ತಿದ್ದ ಮೊಸರು ಇದರೊಳಗೆ ಗಡ್ಡೆಯಾಗಿ ಕೂತಿತು. ಕುಚ್ಚಲಕ್ಕಿ ಗಂಜಿಗಂತೂ ಇದಕ್ಕಿಂತ ಒಳ್ಳೆಯದಿಲ್ಲ. ಸಂಜೆ ಐದಕ್ಕೆ ಹತ್ತು ನಿಮಿಷ ಕುದಿಸಿ ಹೊದೆಸಿ, ಎಂಟಕ್ಕೆ ತೆಗೆದು, ಉಪ್ಪಿನಕಾಯಿ ಇಟ್ಟುಕೊಂಡು ಕೂರಿ.

ದುಡ್ಡಿನ ವಿಷಯ. ಚೀಟಿ ಇಟ್ಟಿಲ್ಲ, ನೆನಪಿನ ಲೆಕ್ಕ. ಅಕ್ಕಿ 1,450, ಬೇಳೆ-ಕಾಳು ಆರುನೂರು ಚಿಲ್ಲರೆ, ಹಾಲು-ಮೊಸರು 850, ಎಣ್ಣೆ 280, ಮೊಟ್ಟೆ 300ರ ಮೇಲೆ (ಇದು ನಾವಿಬ್ಬರೇ ಹಂಚಿಕೊಳ್ಳುವುದು). ತರಕಾರಿ ಏಳುನೂರರಲ್ಲಿ ಮುಗಿಯುತ್ತದೆ, ಗಾಂಧಿ ಬಜಾರಿನ ಕಡೆ ಕತ್ತಲಾದ ಮೇಲೆ ಹೋಗುವುದರಿಂದ. ಕಾಯಿ ಊರಿನದು. ಅಗ್ಗಕ್ಕೆ ಬೆಲ್ಲ ಕೊಡುವ ಅಂಗಡಿ ಒಂದಿದೆ, ಅದರ ಹೆಸರು ಹೇಳಿದರೆ ನಮಗೆ ಉಳಿಯುವುದಿಲ್ಲ. ಸಿಲಿಂಡರ್ ಈಗ ಇಪ್ಪತ್ತೇಳು-ಇಪ್ಪತ್ತೆಂಟು ದಿನ ಬರುತ್ತದೆ. ಎಲ್ಲ ಸೇರಿ ಐದು ಸಾವಿರದ ಸುತ್ತ, ತಲೆಗೆ 1,700 ಅಂದುಕೊಳ್ಳಿ. ಮೆಸ್ಸಿನ ಅರ್ಧ, ಭಾನುವಾರ ರಾತ್ರಿಯೂ ಸೇರಿ. ಕಟ್ಟೆ ಮುಂದೆ ನಿಲ್ಲುವ ಹೊತ್ತು ಬೆಳಿಗ್ಗೆ ಹದಿನೈದು ನಿಮಿಷ ದಾಟುವುದಿಲ್ಲ.

ಒಂದು ದಿನ ಊಟದಲ್ಲಿ ಉಣ್ಣೆ ಎಳೆ ಸಿಕ್ಕಿತು ಅಂತ ಹರಿಹರದವ ತಟ್ಟೆ ಎತ್ತಿ ತೋರಿಸಿದ. ಕಂಬಳಿಯಲ್ಲಿ ಬುತ್ತಿ ಕಟ್ಟಿಕೊಂಡು ಕೂದಲು ಹುಡುಕಬಾರದು ಅಂತ ನಮ್ಮಜ್ಜಿಯ ಮಾತು ಹೇಳಿ ಬಾಯಿ ಮುಚ್ಚಿಸಿದೆ. ಮಾರನೇ ದಿನದಿಂದ ಕುಕ್ಕರಿಗೆ ಮೊದಲು ಹಳೇ ಪಂಚೆ, ಆಮೇಲೆ ಕಂಬಳಿ.

ಕಳೆದ ಜುಲೈನಲ್ಲಿ ಗಾಳಿಮಳೆಗೆ ನಮ್ಮ ಬೀದಿಯಲ್ಲಿ ಮರ ಬಿದ್ದು ಒಂದೂವರೆ ದಿನ ಕರೆಂಟ್ ಇರಲಿಲ್ಲ. ಕೆಳಗೆ ಆಂಟಿ ಮನೆಯ ಸಿಲಿಂಡರ್ ಖಾಲಿ, ಇಂಡಕ್ಷನ್ ಸುಮ್ಮನೆ ಕೂತಿತ್ತು. ನಮ್ಮ ಸಿಲಿಂಡರಿನಲ್ಲೂ ತಳದಲ್ಲಿ ಚೂರು. ಅದರಲ್ಲೇ ನಮ್ಮದೊಂದು, ಅವರದೊಂದು, ಎರಡು ಕುಕ್ಕರ್ ಒಂದೊಂದು ಕೂಗಿಗೆ ತಂದು ಹೊದೆಸಿದೆ. ರಾತ್ರಿ ಎಂಟೂವರೆಗೆ ಆಂಟಿ ಮೇಣದಬತ್ತಿ ಹಿಡಿದು ಬಂದು, ತಾವೇ ಕಂಬಳಿ ಬಿಚ್ಚಿ, ಮುಚ್ಚಳ ತೆಗೆದು, ಒಂದು ಅಗುಳು ಹಿಸುಕಿ ನೋಡಿದರು. ಏನೂ ಮಾತಾಡಲಿಲ್ಲ. ಕುಕ್ಕರ್ ತಗೊಂಡು ಕೆಳಗೆ ಹೋದರು. ಹತ್ತು ನಿಮಿಷಕ್ಕೆ ಅವರ ಮಗ ಒಂದು ತಟ್ಟೆ ಹಪ್ಪಳ ತಂದುಕೊಟ್ಟ.

ಈಗ ಅವರಿಗೂ ಒಂದು ಕಂಬಳಿ ಬೇಕಂತೆ. ಅಂಗಡಿಯಲ್ಲಿ ಕೇಳಿದರೆ ಒಂದು ಸಾವಿರ ಹೇಳುತ್ತಾರೆ. ಊರಿನ ಮನೆಯ ಅಟ್ಟದ ಮೇಲೆ ಇನ್ನೊಂದು ಇದೆ, ಆದರೆ ಅದನ್ನು ಕೇಳಲು ಹೋದರೆ ಅಜ್ಜ ಮೊದಲನೆಯದು ಎಲ್ಲಿ ಅಂತ ಕೇಳುತ್ತಾನೆ, ಆ ಸುಟ್ಟ ಮೂಲೆ ತೋರಿಸಬೇಕಾಗುತ್ತದೆ.