ಬೋರ್ ನೀರಿಗೆ ಶವರ್ ಫಿಲ್ಟರ್: ಕೊಳ್ಳುವ ಮೊದಲು ನಾನು ಹಾಕುವ ಲೆಕ್ಕ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕಾವೇರಿ ನೀರು, ಬೋರ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಅದಕ್ಕೇ ಮೊದಲು ಬಾತ್‌ರೂಮಿನ ನಲ್ಲಿಯಿಂದಲೇ ನೀರು ಹಿಡಿದು ಎರಡು ಪರೀಕ್ಷೆ ಮಾಡುತ್ತೇನೆ. ಗಡಸುತನಕ್ಕೆ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಅಂಶಕ್ಕೆ, ಹನಿ ಹಾಕುವ ಕಿಟ್: ಕೆಂಪಗಿದ್ದ ನೀರು ನೀಲಿಯಾಗುವವರೆಗೆ ಹನಿ ಎಣಿಸಬೇಕು. ಕ್ಲೋರಿನ್‌ಗೆ ಓಟಿ (ಆರ್ಥೊಟೊಲಿಡಿನ್) ದ್ರಾವಣ: ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗುತ್ತದೆ. ಟಿಡಿಎಸ್ ಮೀಟರ್ ಇಲ್ಲಿ ಸಾಲದು. ಅದು ಕರಗಿದ ಉಪ್ಪನ್ನೆಲ್ಲ ಒಟ್ಟಿಗೆ ತೋರಿಸುತ್ತದೆ, ಸುಣ್ಣದ ಅಂಶವನ್ನು ಬೇರೆ ಮಾಡಿ ಹೇಳುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿ.ಗ್ರಾಂ ಒಪ್ಪುವ ಮಟ್ಟ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಬಿಡುತ್ತಾರೆ. ನಿಮ್ಮ ನೀರು 400 ಬಂತು ಅನ್ನಿ. ಗಡಸು ತೆಗೆಯುವ ಸಣ್ಣ ಮಣಿಗಳಾದ ರೆಸಿನ್ ಒಂದು ಲೀಟರ್ ಇದ್ದರೆ ಸುಮಾರು 50 ಗ್ರಾಂ ಗಡಸುತನ ಹಿಡಿಯುತ್ತದೆ. ಶವರ್ ಫಿಲ್ಟರಿನೊಳಗೆ 100 ಮಿ.ಲೀ. ರೆಸಿನ್ ತುಂಬಿದರೂ ಹಿಡಿಯುವುದು 5 ಗ್ರಾಂ, ಅಂದರೆ ಹನ್ನೆರಡೂವರೆ ಲೀಟರ್ ನೀರಿಗೆ ಮುಗಿಯಿತು. ಒಂದು ಬಕೆಟ್ ಕೂಡ ತುಂಬುವುದಿಲ್ಲ! ಪೆಟ್ಟಿಗೆಯ ಮೇಲೆ ಹದಿನೈದು ಹಂತ ಅಂತ ಬರೆದಿದ್ದರೂ ಈ ಲೆಕ್ಕ ಬದಲಾಗದು. ಪಾಲಿಫಾಸ್ಫೇಟ್ ಹರಳು ಇರುವ ಫಿಲ್ಟರ್ ಬಿಳಿ ಕಲೆ ಕಟ್ಟುವುದನ್ನು ಕಡಿಮೆ ಮಾಡೀತು, ಗಡಸುತನ ಮಾತ್ರ ನೀರಿನಲ್ಲೇ ಉಳಿಯುತ್ತದೆ.

ಕ್ಲೋರಿನ್ ವಾಸನೆಯೇ ತೊಂದರೆಯಾದರೆ ಶವರ್ ಫಿಲ್ಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಕ್ಯಾಲ್ಸಿಯಂ ಸಲ್ಫೈಟ್ ಅಥವಾ ಕೆಡಿಎಫ್ ಎಂಬ ತಾಮ್ರ-ಸತುವಿನ ಮಿಶ್ರಲೋಹದ ಕಣ ಇರುವುದನ್ನೇ ಆರಿಸುತ್ತೇನೆ. ಬಿಸಿನೀರಿನಲ್ಲಿ ಬರೀ ಕಾರ್ಬನ್ ನೆಚ್ಚಿಕೊಳ್ಳುವಂಥದ್ದಲ್ಲ. ಒಳಗೆ ತುಂಬಿದ ಈ ವಸ್ತುವಿನ ಶಕ್ತಿ ಮುಗಿದರೂ ನೀರು ಮೊದಲಿನಷ್ಟೇ ಜೋರಾಗಿ ಬರಬಹುದು. ಹಾಗಾಗಿ ತಿಂಗಳಿಗೊಮ್ಮೆ ಫಿಲ್ಟರ್ ದಾಟಿ ಬಂದ ನೀರಿಗೆ ಓಟಿ ಹನಿ ಹಾಕಿ ನೋಡಿ. ಹಳದಿ ಬಂದರೆ ಕಾರ್ಟ್ರಿಡ್ಜ್ ಬದಲಿಸಿ.

ಓವರ್‌ಹೆಡ್ ಟ್ಯಾಂಕ್ ಶವರಿಗಿಂತ 10 ಅಡಿ ಮೇಲಿದ್ದರೆ ಸಿಗುವ ಒತ್ತಡ 0.3 ಬಾರ್ ಮಾತ್ರ. ಒತ್ತಡದ ಪಂಪ್ ಇಲ್ಲದ ಮೇಲಿನ ಮಹಡಿಯಲ್ಲಿ ಫಿಲ್ಟರ್ ಹಾಕಿದರೆ ಶವರ್ ತೊಟ್ಟಿಕ್ಕಲು ಶುರುವಾಗುತ್ತದೆ. ಅರ್ಧ ಇಂಚಿನ ತ್ರೆಡ್ಡಿಗೆ ಟೆಫ್ಲಾನ್ ಟೇಪನ್ನು ಎಂಟು ಹತ್ತು ಸುತ್ತು, ಬಿಗಿಯುವ ದಿಕ್ಕಿಗೇ ಸುತ್ತಿ. ಪ್ಲಾಸ್ಟಿಕ್ ಮೈ ಆದರೆ ಸ್ಪ್ಯಾನರ್ ಬೇಡ, ಕೈಬಿಗಿ ಸಾಕು. ತ್ರೆಡ್ ಸೀಳಿದರೆ ಯಾವ ಟೇಪೂ ನೀರು ತಡೆಯದು.

ಗಡಸು 300 ದಾಟಿದ ಮನೆಗೆ ನಾನು ಹೇಳುವುದು ಟ್ಯಾಂಕಿನಿಂದ ಇಳಿಯುವ ಪೈಪಿಗೇ ಸಾಫ್ಟ್‌ನರ್, ಅಂದರೆ ರೆಸಿನ್ ತುಂಬಿದ ದೊಡ್ಡ ಉಪಕರಣ. 25 ಲೀಟರ್ ರೆಸಿನ್ ಇದ್ದರೆ 400ರ ನೀರು ಸುಮಾರು 3,000 ಲೀಟರ್ ಮೆದುವಾಗುತ್ತದೆ. ಆಮೇಲೆ ರೆಸಿನ್ ಮತ್ತೆ ಗಡಸು ಹಿಡಿಯುವಂತಾಗಲು ನಾಲ್ಕು ಕಿಲೋದಷ್ಟು ಉಪ್ಪು ಕರಗಿಸಿ ಅದರೊಳಗೆ ಹರಿಸಿ, ಉಪ್ಪಿನ ರುಚಿ ಹೋಗುವವರೆಗೆ ತೊಳೆಯಬೇಕು. ಆ ತೊಳೆದ ನೀರನ್ನು ಗಿಡಗಳ ಬುಡಕ್ಕೆ ಬಿಡಬೇಡಿ.