ಪೀಪ್ಲಿ ಲೈವ್: ನಾಲ್ಕು ಜನರನ್ನು ಕೂರಿಸಿ ತೋರಿಸೋದು ಹೇಗೆ, ಆಮೇಲೆ ಮಾತಾಡಿಸೋದು ಹೇಗೆ

ಪೀಪ್ಲಿ ಲೈವ್ ಎಂಬ ಹಿಂದಿ ಸಿನಿಮಾ ತೆರೆಗೆ ಬಂದಿದ್ದು 2010ರ ಆಗಸ್ಟ್‌ನಲ್ಲಿ. ಬ್ಯಾಂಕ್ ಸಾಲ ಕಟ್ಟಲಾಗದೆ ಜಮೀನು ಕಳೆದುಕೊಳ್ಳುವ ಹಂತಕ್ಕೆ ಬಂದ ನತ್ಥಾ ಎಂಬ ಬಡ ರೈತ, ಮನೆಯವರಿಗೆ ಪರಿಹಾರ ಸಿಗಲಿ ಎಂದು ಆತ್ಮಹತ್ಯೆ ಮಾಡಿಕೊಳ್ಳುತ್ತಾನಂತೆ ಅನ್ನೋ ಸುದ್ದಿ ಹೊರಬೀಳುತ್ತದೆ. ಕೂಡಲೇ ದೇಶದ ಚಾನೆಲ್‌ಗಳೆಲ್ಲ ಅವನ ಮನೆ ಮುಂದೆ ವ್ಯಾನು ತಂದು ನಿಲ್ಲಿಸುತ್ತವೆ. ಡಾರ್ಕ್ ಕಾಮಿಡಿ, ಅಂದರೆ ಸಾವು ನೋವಿನ ವಿಷಯದಲ್ಲೇ ನಗಿಸುವ ಸಿನಿಮಾ, ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ.

ಆದರೆ ಒಬ್ಬರೇ ಮೊಬೈಲ್‌ನಲ್ಲಿ ನೋಡಿದರೆ ನಕ್ಕು ಮುಗಿಸಿಬಿಡುತ್ತೇವೆ. ಹತ್ತಿಪ್ಪತ್ತು ಜನ ಒಟ್ಟಿಗೆ ಕೂತು ನೋಡಿ, ಮುಗಿದ ಮೇಲೆ ಒಂದು ಗಂಟೆ ಮಾತಾಡಿದರೆ ಕಥೆಯೇ ಬೇರೆ. ಎಲ್ಲಿ ನಕ್ಕೆವು, ಆಗ ಯಾರನ್ನು ನೋಡಿ ನಕ್ಕೆವು? ಈ ಎರಡು ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ಸಾಕು, ಬೇರೆ ಮಾತೆಲ್ಲ ತಾನಾಗಿಯೇ ಬರುತ್ತದೆ. ಕಾಲೇಜಿನ ಸಿನಿಮಾ ಕ್ಲಬ್ಬು, ಪತ್ರಿಕೋದ್ಯಮ ವಿಭಾಗ, ಊರಿನ ಗ್ರಂಥಾಲಯ, ರೈತ ಸಂಘದ ಕಚೇರಿ, ಎಲ್ಲಿ ಬೇಕಾದರೂ ಮಾಡಬಹುದು.

ತೋರಿಸುವ ಮೊದಲು

ಮೊದಲು ಅನುಮತಿ ವಿಷಯ. ಓಟಿಟಿ ಚಂದಾ ಇದೆ ಎಂದ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಸಿಗೋದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ ತೋರಿಸುತ್ತಿದ್ದು, ನೋಡುವವರು ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ ನಡೆಯುತ್ತದೆ. ಅದರ ಹೊರಗೆ, ಊರವರನ್ನೆಲ್ಲ ಕರೆದು ತೋರಿಸುವುದಾದರೆ ಹಕ್ಕು ಇರುವವರಿಗೆ ಬರೆದು ಒಪ್ಪಿಗೆ ತೆಗೆದುಕೊಳ್ಳಿ.

ಆಮೇಲೆ ಭಾಷೆ. ಇದು ನಮ್ಮವರು ಟಿವಿಯಲ್ಲಿ ಕೇಳುವ ಹಿಂದಿ ಅಲ್ಲ, ಮಧ್ಯ ಭಾರತದ ಹಳ್ಳಿ ಮಾತು. ಹಿಂದಿ ಬರುತ್ತದೆ ಅನ್ನುವವರಿಗೂ ಅರ್ಧ ಕೈ ತಪ್ಪುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ, ಆದರೆ ಅದನ್ನೇ ನಂಬಬೇಡಿ. ಶುರುವಿಗೆ ಮುಂಚೆ ಐದು ನಿಮಿಷ ನಿಂತು ಕನ್ನಡದಲ್ಲಿ ಪಾತ್ರ ಪರಿಚಯ ಮಾಡಿಕೊಡಿ. ನತ್ಥಾ, ಅವನ ಅಣ್ಣ ಬುಧಿಯಾ, ಹೆಂಡತಿ ಧನಿಯಾ, ಮಂಚ ಬಿಟ್ಟೇಳದೆ ಎಲ್ಲರನ್ನೂ ಬೈಯುವ ಅಮ್ಮ. ಸಣ್ಣ ಪತ್ರಿಕೆಯ ವರದಿಗಾರ ರಾಕೇಶ್. ಇಂಗ್ಲಿಷ್ ಚಾನೆಲ್‌ನ ನಂದಿತಾ, ಹಿಂದಿ ಚಾನೆಲ್‌ನ ದೀಪಕ್. ಇಷ್ಟು ಹೆಸರು ಬೋರ್ಡಿನ ಮೇಲಿದ್ದರೆ ಸಾಕು. ಬೈಗುಳ ಜಾಸ್ತಿ ಇದೆ, ಆದ್ದರಿಂದ ಚಿಕ್ಕ ಮಕ್ಕಳನ್ನು ಕರೆಯಬೇಡಿ.

ಇನ್ನೊಂದು ಮಾತು ಹೇಳಲೇಬೇಕು, ಇದರಲ್ಲಿ ಉದಾಸೀನ ಬೇಡ. ಸಿನಿಮಾ ಆತ್ಮಹತ್ಯೆಯ ಸುತ್ತ ನಡೆಯುತ್ತದೆ. 2015ರಲ್ಲಿ ಮಂಡ್ಯ, ಹಾವೇರಿ ಕಡೆಗಳಲ್ಲಿ ರೈತರ ಸಾವು ಒಂದರ ಹಿಂದೆ ಒಂದು ಬಂದಿದ್ದು ನಮಗೆಲ್ಲ ನೆನಪಿದೆ. ಆ ಕಡೆಯ ಊರುಗಳಲ್ಲಿ ತೋರಿಸುವಾಗ, ಮನೆಯವರನ್ನು ಹೀಗೆ ಕಳೆದುಕೊಂಡವರು ನಿಮ್ಮ ಮುಂದೆಯೇ ಕೂತಿರಬಹುದು. ಸಿನಿಮಾ ಏನು, ಯಾವುದರ ಬಗ್ಗೆ ಎಂದು ಮುಂಚೆಯೇ ತಿಳಿಸಿ. ಬೇಡ ಎನ್ನಿಸಿದರೆ ಮಧ್ಯದಲ್ಲಿ ಎದ್ದು ಹೋಗಲು ಬಾಗಿಲ ಹತ್ತಿರ ಜಾಗ ಬಿಡಿ, ಯಾಕೆ ಹೋದಿರಿ ಎಂದು ಯಾರೂ ಕೇಳಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಚರ್ಚೆಯಲ್ಲಿ ಯಾರನ್ನೂ "ನಿಮ್ಮ ಮನೆಯಲ್ಲೂ ಹೀಗೇ ಆಗಿತ್ತಲ್ವಾ, ಹೇಳಿ" ಎಂದು ಕೇಳಬೇಡಿ. ಸಿನಿಮಾದಲ್ಲಿ ಮೈಕ್ ಹಿಡಿದವರು ಮಾಡುವ ಕೆಲಸವೇ ಅದು.

ನೋಡುವಾಗ

ಮಧ್ಯದಲ್ಲಿ ನಿಲ್ಲಿಸಿ ಪಾಠ ಮಾಡಬೇಡಿ. ಎಲ್ಲರಿಗೂ ಒಂದು ಚೀಟಿ, ಒಂದು ಪೆನ್ಸಿಲ್ ಕೊಡಿ. ನಗು ಬಂದಾಗಲೆಲ್ಲ ಯಾವ ದೃಶ್ಯ ಎಂದು ಒಂದು ಪದ ಬರೆದುಕೊಂಡರೆ ಸಾಕು. ಇಬ್ಬರಿಗೆ ಬೇರೆ ಕೆಲಸ ಒಪ್ಪಿಸಿ: ಕ್ಯಾಮೆರಾಗಳ ಗದ್ದಲ ಶುರುವಾದ ಮೇಲೆ ನತ್ಥಾ ತಾನಾಗಿ ಎಷ್ಟು ಸಲ ಬಾಯಿ ಬಿಡುತ್ತಾನೆ, ಅವನ ಪರವಾಗಿ ಬೇರೆಯವರು ಎಷ್ಟು ಸಲ ಮಾತಾಡುತ್ತಾರೆ ಎಂದು ಗುರುತು ಹಾಕಿಕೊಳ್ಳಲಿ. ಓಂಕಾರ್ ದಾಸ್ ಮಾಣಿಕಪುರಿ ಈ ಪಾತ್ರವನ್ನು ಹೆಚ್ಚಾಗಿ ಕಣ್ಣಲ್ಲೇ ಮಾಡಿದ್ದಾರೆ. ಅವರು ಛತ್ತೀಸಗಢದವರು, ರಂಗ ನಿರ್ದೇಶಕ ಹಬೀಬ್ ತನ್ವೀರರ ನಾಟಕ ತಂಡ ನಯಾ ಥಿಯೇಟರ್‌ನಲ್ಲಿ ಪಳಗಿದವರು. ಬೇರೆ ಹಲವು ಕಲಾವಿದರೂ ಆ ತಂಡದಿಂದಲೇ ಬಂದವರು. ಹಾಗಾಗಿ ಆ ಹಳ್ಳಿಯವರು ಸೆಟ್ ಮೇಲೆ ತಂದು ನಿಲ್ಲಿಸಿದವರ ಹಾಗೆ ಕಾಣೋದಿಲ್ಲ.

ಮುಗಿದ ಮೇಲೆ

ದೀಪ ಹಾಕಿದ ಕೂಡಲೇ "ಹೇಗಿತ್ತು" ಎಂದು ಕೇಳಬೇಡಿ. ಚೆನ್ನಾಗಿತ್ತು ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಐದು ನಿಮಿಷ ನೀರು, ಚಹಾ ಆಗಲಿ. ಆಮೇಲೆ ಚೀಟಿಗಳನ್ನು ಒಟ್ಟು ಮಾಡಿ ಓದಿ.

ಹೆಚ್ಚಿನ ಚೀಟಿಗಳಲ್ಲಿ ಇರೋದು ಎರಡು ಬಗೆಯ ನಗು. ಒಂದು, ಧನಿಯಾ ಮತ್ತು ಅಮ್ಮನ ಜಗಳ, ಅಮ್ಮನ ಬಾಯಿ. ಅಲ್ಲಿ ನಾವು ಆ ಮನೆಯವರ ಜೊತೆ ಸೇರಿ ನಗುತ್ತೇವೆ. ಬಡತನ ಇದ್ದರೂ ಅವರು ಬರೀ ಅಳುವ ಮುಖಗಳಲ್ಲ, ಕೋಪ ಇದೆ, ಹಟ ಇದೆ, ವ್ಯಂಗ್ಯ ಇದೆ. ಎರಡನೆಯದು ಚಾನೆಲ್‌ನವರ ಮೇಲಿನ ನಗು. ನತ್ಥಾ ಬಯಲಿಗೆ ಹೋದವನು ಕಾಣೆಯಾದಾಗ, ಅವನು ಕೂತು ಎದ್ದ ಜಾಗವನ್ನೇ ಕ್ಯಾಮೆರಾಗೆ ತೋರಿಸಿ ವರದಿಗಾರ ಅವನ ಮನಸ್ಥಿತಿಯ ವಿಶ್ಲೇಷಣೆ ಶುರು ಮಾಡುತ್ತಾನೆ. ಇಲ್ಲಿ ಇಡೀ ಕೋಣೆ ನಗುತ್ತದೆ. ನಗಲಿ. ಆಮೇಲೆ ಕೇಳಿ: ಇದನ್ನು ನಾವು ನಿಜವಾದ ಸುದ್ದಿಯಲ್ಲಿ ನೋಡಿದ್ದರೆ ಚಾನೆಲ್ ಬದಲಿಸುತ್ತಿದ್ದೆವಾ, ಇಲ್ಲ ಮುಂದೇನಾಯಿತು ಎಂದು ಕಾಯುತ್ತಿದ್ದೆವಾ?

ಒಂದು ಮೂರನೆಯ ಬಗೆಯೂ ಇದೆ, ಅದನ್ನು ಬಿಡಬೇಡಿ. ಸಾಯೋದು ಯಾರು ಎಂದು ಅಣ್ಣ ತಮ್ಮ ಮಾತಾಡಿಕೊಳ್ಳುವ ದೃಶ್ಯ. ಕುಟುಂಬಕ್ಕೆ ಒಂದು ಲಕ್ಷ ಪರಿಹಾರ ಸಿಗುತ್ತದೆ ಎಂದು ಊರಿನ ಪುಢಾರಿ ಹಗುರವಾಗಿ ಆಡಿದ ಮಾತನ್ನು ಇವರು ನಿಜವಾಗಿಯೇ ತಲೆಗೆ ಹಚ್ಚಿಕೊಳ್ಳುತ್ತಾರೆ. ಅಣ್ಣ ಉಪಾಯವಾಗಿ ತಮ್ಮನ ಕಡೆ ದೂಡುತ್ತಾನೆ. ಇಲ್ಲಿ ಬರುವ ನಗು ಅಳುಕಿನ ನಗು. ಅಣ್ಣನ ಪಾತ್ರದಲ್ಲಿ ರಘುಬೀರ್ ಯಾದವ್ ಇದನ್ನು ಮಾಡಿರುವ ರೀತಿ ನೋಡಿದರೆ ಬುಧಿಯಾನನ್ನು ಪೂರ್ತಿ ದ್ವೇಷಿಸಲೂ ಆಗೋದಿಲ್ಲ.

ಮಹಾರಾಷ್ಟ್ರದ ವಿದರ್ಭದ ರೈತ ಸಂಘಟನೆಯೊಂದು ಆಗಲೇ ಪ್ರತಿಭಟನೆ ಮಾಡಿತ್ತು, ರೈತರ ಸಾವನ್ನು ತಮಾಷೆ ಮಾಡಿದ್ದಾರೆ ಎಂದು. ಆ ಆಕ್ಷೇಪವನ್ನು ಚರ್ಚೆಯಲ್ಲಿ ತಪ್ಪದೆ ಇಡಿ. ನನ್ನ ಮಟ್ಟಿಗೆ ಸಿನಿಮಾ ರೈತನನ್ನು ಗೇಲಿ ಮಾಡೋದಿಲ್ಲ, ಆದರೆ ನೋವು ಕಂಡವರು ಹಾಗೆ ಅಂದರೆ ಅವರ ಮಾತು ಪೂರ್ತಿ ಕೇಳಬೇಕು. ಸಿನಿಮಾ ಗೊತ್ತಿಲ್ಲ ನಿಮಗೆ ಎಂದು ಬಾಯಿ ಮುಚ್ಚಿಸುವ ಕೆಲಸ ಮಾಡಬಾರದು.

ಈಗ ಹೋರಿ ಮಹತೋ. ಸಮಯ ಕಮ್ಮಿ ಇದ್ದರೆ ಬೇರೆಲ್ಲ ಬಿಡಿ, ಇದೊಂದನ್ನು ಬಿಡಬೇಡಿ. ಒಣಗಿದ ಮೈಯ ಒಬ್ಬ ಮನುಷ್ಯ ದಿನಾ ಒಂದೇ ಜಾಗದಲ್ಲಿ ಗುಂಡಿ ತೋಡುತ್ತಾನೆ, ಆ ಮಣ್ಣನ್ನು ಇಟ್ಟಿಗೆ ಭಟ್ಟಿಗೆ ಮಾರಿ ಬದುಕುತ್ತಾನೆ. ಅವನಿಗೆ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ದಿನ ಅದೇ ಗುಂಡಿಯಲ್ಲಿ ಸತ್ತುಬಿದ್ದಿರುತ್ತಾನೆ. ಸ್ವಲ್ಪ ದೂರದಲ್ಲಿ ಅಷ್ಟೊಂದು ಕ್ಯಾಮೆರಾ ಇವೆ, ಒಂದೂ ಈ ಕಡೆ ತಿರುಗೋದಿಲ್ಲ. ರಾಕೇಶ್ ಮಾತ್ರ ಕಂಗಾಲಾಗುತ್ತಾನೆ. ನಂದಿತಾ ಹತ್ತಿರ ಹೋಗಿ ಕೇಳುತ್ತಾನೆ, ಇವನೂ ರೈತನೇ ಅಲ್ವಾ ಎಂದು. ಜನಕ್ಕೆ ಬೇಕಿರೋದು ನತ್ಥಾ, ಇದು ನಿನಗೆ ಆಗೋದಿಲ್ಲ ಅಂದರೆ ಈ ಕೆಲಸ ನಿನಗಲ್ಲ ಅನ್ನುವ ಅರ್ಥದ ಉತ್ತರ ಸಿಗುತ್ತದೆ. ರಾಕೇಶ್ ಪಾತ್ರ ನವಾಜುದ್ದೀನ್ ಸಿದ್ದಿಕಿ ಅವರದ್ದು, ಆಗಿನ್ನೂ ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲ.

ಹೋರಿ, ಧನಿಯಾ ಎರಡೂ ಹಿಂದಿ ಲೇಖಕ ಪ್ರೇಮಚಂದರ ಗೋದಾನ ಕಾದಂಬರಿಯ ರೈತ ಗಂಡ ಹೆಂಡತಿಯ ಹೆಸರುಗಳು. ಅದು ಬಂದಿದ್ದು 1936ರಲ್ಲಿ. ಗುಂಪಿನಲ್ಲಿ ಗೋದಾನ ಓದಿದವರಿದ್ದರೆ ಅವರಿಗೆ ಮಾತಾಡಲು ಬಿಡಿ. ಆಮೇಲೆ ಒಂದು ಕಷ್ಟದ ಪ್ರಶ್ನೆ ಕೇಳಿ: ಸಿನಿಮಾ ಕೂಡ ಹೋರಿಗೆ ಕೊಟ್ಟಿದ್ದು ಕೆಲವೇ ನಿಮಿಷ, ಉಳಿದ ಸಮಯವೆಲ್ಲ ನತ್ಥಾನ ಸುತ್ತಲಿನ ಜಾತ್ರೆಗೇ ಹೋಯಿತು. ಹಾಗಾದರೆ ಸಿನಿಮಾ ಮಾಡಿದ್ದೂ ಚಾನೆಲ್‌ನವರ ಕೆಲಸವನ್ನೇನಾ? ನನಗನ್ನಿಸೋದು, ಆ ಕೆಲವೇ ನಿಮಿಷ ಬೇಕೆಂದೇ ಇಟ್ಟಿದ್ದು. ಹೆಚ್ಚು ತೋರಿಸಿದ್ದರೆ ನಾವೂ ಅವನನ್ನು ಗಮನಿಸದೆ ಕೂತಿದ್ದೆವು ಅನ್ನೋದು ಗೊತ್ತೇ ಆಗುತ್ತಿರಲಿಲ್ಲ. ಎಷ್ಟು ಜನರ ಚೀಟಿಯಲ್ಲಿ ಹೋರಿಯ ಹೆಸರಿದೆ ನೋಡಿ, ಆಗ ಚರ್ಚೆ ತಾನಾಗಿ ಬಿಸಿಯಾಗುತ್ತದೆ.

ಚರ್ಚೆ ಬರೀ ಟಿವಿಯವರನ್ನು ಬೈಯುವ ಕಡೆಗೆ ಹೊರಳುತ್ತದೆ, ಇದು ಖಂಡಿತ. ಅದಕ್ಕೆ ಮದ್ದು ಎಂದರೆ ನಿಮ್ಮ ತಾಲೂಕಿನ ಒಬ್ಬ ವರದಿಗಾರರನ್ನು ಕರೆಯೋದು, ಮೊದಲ ಮಾತು ಅವರಿಗೇ ಬಿಡೋದು. ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವ ಸ್ಟ್ರಿಂಗರ್‌ಗಳು ನಮ್ಮಲ್ಲೂ ಇದ್ದಾರೆ. ಮೇಲಿನಿಂದ ಏನು ಬೇಡಿಕೆ ಬರುತ್ತದೆ, ಯಾವ ದೃಶ್ಯ ಕಳಿಸಿದರೆ ಬಳಸುತ್ತಾರೆ, ಯಾವುದು ಕಸದ ಬುಟ್ಟಿಗೆ ಹೋಗುತ್ತದೆ ಎಂದು ಅವರೇ ಹೇಳಲಿ. ನಿರ್ದೇಶಕಿ ಅನುಷಾ ರಿಜ್ವಿ ಕೂಡ ಮೊದಲು ಟಿವಿ ಪತ್ರಕರ್ತೆಯಾಗಿದ್ದವರು. ಒಳಗಿದ್ದು ನೋಡಿದವರ ಸಿಟ್ಟು ಇದು, ಅದಕ್ಕೇ ನ್ಯೂಸ್‌ರೂಮ್ ದೃಶ್ಯಗಳು ಅಷ್ಟು ನಿಖರವಾಗಿವೆ.

ರಾಜಕಾರಣಿಗಳ ಭಾಗವನ್ನು ಬೇಗ ಮುಗಿಸಬಹುದು. ಉಪಚುನಾವಣೆ, ಸಾಲದಲ್ಲಿ ಮುಳುಗಿದವನಿಗೆ ಹ್ಯಾಂಡ್ ಪಂಪ್ ಕೊಡೋದು, ಟಿವಿ ಸೆಟ್ ಕೊಡೋದು, ಇದೆಲ್ಲ ನಮಗೆ ವಿವರಿಸಬೇಕಾಗಿಲ್ಲ.

ಒಂದು ಅಭ್ಯಾಸ

ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಆತ್ಮಹತ್ಯೆ ವರದಿಗೆ ಮಾರ್ಗಸೂಚಿ ಒಪ್ಪಿಕೊಂಡಿತು, ವಿಶ್ವ ಆರೋಗ್ಯ ಸಂಸ್ಥೆಯದ್ದನ್ನು ಆಧರಿಸಿ. ಸುದ್ದಿಯನ್ನು ಎದ್ದು ಕಾಣುವ ಹಾಗೆ ಹಾಕಬಾರದು, ಪದೇ ಪದೇ ಹಾಕಬಾರದು, ರೋಚಕ ಶೀರ್ಷಿಕೆ ಬೇಡ, ಹೇಗೆ ಸತ್ತರು ಎಂಬ ವಿವರ ಬೇಡ, ಫೋಟೊ ವಿಡಿಯೊ ಬೇಡ. ಇದನ್ನು ಒಂದು ಹಾಳೆಯಲ್ಲಿ ಬರೆದು ಹಂಚಿ. ದೀಪಕ್‌ನ ಒಂದು ನೇರಪ್ರಸಾರದ ದೃಶ್ಯವನ್ನು ಮತ್ತೊಮ್ಮೆ ಹಾಕಿ, ಎಷ್ಟು ಕಡೆ ಮುರಿದ ಎಂದು ಗುರುತಿಸಲು ಹೇಳಿ. ಸಿನಿಮಾ ಈ ಮಾರ್ಗಸೂಚಿಗಿಂತ ಒಂಬತ್ತು ವರ್ಷ ಹಳೆಯದು. ಆಮೇಲೆ ಅದೇ ಹಾಳೆ ಹಿಡಿದು ಹಿಂದಿನ ವಾರದ ಒಂದು ನಿಜವಾದ ಸುದ್ದಿ ಓದಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ.

ಇನ್ನೊಂದು ದಿನ ಸಿಕ್ಕರೆ ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ 1951ರ ಸಿನಿಮಾ ಏಸ್ ಇನ್ ದ ಹೋಲ್ ತೋರಿಸಿ. ಗುಹೆಯಲ್ಲಿ ಸಿಕ್ಕಿಬಿದ್ದವನನ್ನು ಬೇಗ ಹೊರಗೆ ತೆಗೆದರೆ ಸುದ್ದಿ ಮುಗಿದುಹೋಗುತ್ತದೆ ಎಂದು ಪತ್ರಕರ್ತನೊಬ್ಬ ರಕ್ಷಣೆಯನ್ನೇ ನಿಧಾನ ಮಾಡಿಸುತ್ತಾನೆ. ಹೊರಗೆ ಜಾತ್ರೆ ಸೇರುತ್ತದೆ, ಪ್ರವೇಶ ದರ ಏರುತ್ತಾ ಹೋಗುತ್ತದೆ. ಅದರ ಹಿಂದೆ ನಿಜವಾದ ಘಟನೆ ಇದೆ, 1925ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಫ್ಲಾಯ್ಡ್ ಕಾಲಿನ್ಸ್ ಗುಹೆಯಲ್ಲಿ ಸಿಕ್ಕಿ ಸತ್ತಿದ್ದು. ಆದರೆ ಆಗ ಒಳಗೆ ತೆವಳಿ ಹೋಗಿ ಅವನನ್ನು ಮಾತಾಡಿಸಿದ ನಿಜವಾದ ವರದಿಗಾರ ರಕ್ಷಣೆಗೂ ಕೈಜೋಡಿಸಿದ್ದ, ಅವನ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಸಿನಿಮಾ ಅದನ್ನು ಪೂರ್ತಿ ಕಪ್ಪಾಗಿಸಿದೆ, ಈ ವ್ಯತ್ಯಾಸವನ್ನು ಗುಂಪಿಗೆ ಹೇಳಿ. ನಮ್ಮಲ್ಲಿ ಮಗು ಬಿದ್ದ ಕೊಳವೆಬಾವಿಗಳ ಮುಂದೆ ನಡೆದ ನೇರಪ್ರಸಾರಗಳ ಮಾತು ಆಗ ಬಂದೇ ಬರುತ್ತದೆ: 2006ರಲ್ಲಿ ಹರಿಯಾಣದ ಕುರುಕ್ಷೇತ್ರ, 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣ. ಎರಡು ಕಡೆಯೂ ಮಗು ಬದುಕಿ ಬಂತು, ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದ್ದೆವು. ಹಾಗೆ ನೋಡಿದ್ದು ತಪ್ಪು ಎಂದು ಯಾರ ಮೇಲೂ ಹೇರಬೇಡಿ. ಗುಂಡಿಯ ಬಾಯಲ್ಲಿ ಕ್ಯಾಮೆರಾ ಎಷ್ಟು ದೂರ ನಿಲ್ಲಬೇಕು, ತಾಯಿಯ ಮುಖಕ್ಕೆ ಮೈಕ್ ಹಿಡಿಯಬೇಕಾ ಎಂದು ಕೇಳಿ.

ಪೀಪ್ಲಿಯ ಕೊನೆಯ ಅಕ್ಷರಗಳನ್ನು ನೋಡುವ ಮುಂಚೆ ಯಾರೂ ಏಳದ ಹಾಗೆ ನೋಡಿಕೊಳ್ಳಿ. 1991ರಿಂದ 2001ರ ನಡುವೆ 80 ಲಕ್ಷ ರೈತರು ಬೇಸಾಯ ಬಿಟ್ಟರು ಎಂದು ಅಲ್ಲಿ ಬರುತ್ತದೆ. ಮಾತು ಚಾನೆಲ್‌ಗಳಿಂದ ಸಾಲದ ಕಡೆಗೆ, ಬೆಲೆಯ ಕಡೆಗೆ ಹೋಗೋದು ಅಲ್ಲಿಂದಲೇ. ನಮ್ಮ ರಾಜ್ಯದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 2015ರಲ್ಲಿ 5 ಲಕ್ಷಕ್ಕೆ ಏರಿಸಿದರು. ಸತ್ತ ಮೇಲೆ ಸಿಗುವ ದುಡ್ಡು ಬದುಕಿರುವಾಗ ಬೇರೆ ರೂಪದಲ್ಲಿ ಸಿಕ್ಕಿದ್ದರೆ ಎಂಬ ಪ್ರಶ್ನೆಯನ್ನು ರೈತರೇ ಎತ್ತುತ್ತಾರೆ.

ಕೊನೆಗೆ ಕೈಗೆ ಒಂದು ಕೆಲಸ ಕೊಡಿ. ಟಿವಿಯಲ್ಲಿ ಅತಿಯಾಗಿದ್ದು ಕಂಡರೆ ಚಾನೆಲ್‌ನ ಹೆಸರು, ದಿನ, ಸಮಯ, ಕಾರ್ಯಕ್ರಮ ಬರೆದಿಟ್ಟುಕೊಂಡು ಮೊದಲು ಆ ಚಾನೆಲ್‌ಗೇ ದೂರು ಕಳಿಸಬೇಕು. 2021ರ ಕೇಬಲ್ ಟಿವಿ ತಿದ್ದುಪಡಿ ನಿಯಮಗಳ ಪ್ರಕಾರ ಅವರು 24 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಅವರು ಸದಸ್ಯರಾಗಿರುವ, ಚಾನೆಲ್‌ಗಳೇ ಸೇರಿ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಪತ್ರಿಕೆಯ ಮೇಲಿನ ದೂರು ಪತ್ರಿಕಾ ಮಂಡಳಿಗೆ, ಅದು ಟಿವಿಗೆ ನಡೆಯೋದಿಲ್ಲ. ಚರ್ಚೆಗೆ ಬಂದವರಲ್ಲಿ ಯಾರ ಬಳಿಯಾದರೂ ಇಂಥ ಉದಾಹರಣೆ ಇದ್ದರೆ, ಎಲ್ಲರೂ ಮನೆಗೆ ಹೋಗುವ ಮುಂಚೆ ಅಲ್ಲೇ ಕೂತು ದೂರನ್ನು ಬರೆಯಿರಿ. ಒಂದು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ.